ಆಶ್ರಯ ಕೇಂದ್ರದಲ್ಲಿ ಇರುವವರನ್ನು ಮನೆಯವರ ಜೊತೆ ಸೇರಿಸುವುದು: ಫೋನ್ ಮಾಡುವ ಮೊದಲು ಏನೇನು ನೋಡಿಕೊಳ್ಳಬೇಕು?

ರಾತ್ರಿಪಾಳಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ವಸತಿಹೀನರ ರಾತ್ರಿ ಆಶ್ರಯ ಕೇಂದ್ರವೊಂದರಲ್ಲಿ ನಾನು ಸ್ವಯಂಸೇವಕಿ. ಅಲ್ಲಿ ತಂಗುವ ಐವತ್ತರ ಆಸುಪಾಸಿನ ಗಂಡಸರೊಬ್ಬರು ಈಚೆಗೆ ತಂಗಿಯ ವಿಷಯ ಎತ್ತುತ್ತಿದ್ದಾರೆ. "ಒಂದ್ಸಲ ಅವಳ ಹತ್ರ ಮಾತಾಡ್ಸಿ, ಸಾಕು" ಅನ್ನುತ್ತಾರೆ. ಮನೆ ಬಿಟ್ಟು ಬಹಳ ವರ್ಷಗಳಾಗಿವೆ. ಅವರ ನೆನಪಿನಲ್ಲಿರುವ ನಂಬರು ಈಗ ಚಾಲ್ತಿಯಲ್ಲಿಲ್ಲ. ದಿನಾ ಕುಡಿಯುತ್ತಾರೆ, ಫಿಟ್ಸ್‌ಗೆ ಮಾತ್ರೆ ನಡೆಯುತ್ತಿದೆ. ತಮ್ಮ ಅಣ್ಣನ ಹೆಸರು ಬಂದರೆ ಮಾತ್ರ ಮಾತು ನಿಲ್ಲಿಸಿಬಿಡುತ್ತಾರೆ.

ಜೊತೆಯ ಸ್ವಯಂಸೇವಕರೊಬ್ಬರು "ಫೋಟೊ ತೆಗೆದು ವಾಟ್ಸಾಪ್ ಗ್ರೂಪ್‌ಗಳಿಗೆ ಹಾಕೋಣ, ಎರಡು ದಿನದಲ್ಲಿ ಸಿಗ್ತಾರೆ" ಅನ್ನುತ್ತಿದ್ದಾರೆ. ನನಗೆ ಧೈರ್ಯ ಸಾಲುತ್ತಿಲ್ಲ. ಹುಡುಕುವುದನ್ನು ಎಲ್ಲಿಂದ ಶುರು ಮಾಡಬೇಕು? ಮನೆಯವರು ಸಿಕ್ಕರೆ ಮೊದಲ ಕರೆಯಲ್ಲಿ ಏನು ಹೇಳಬೇಕು, ಏನು ಬಾಯಿಬಿಡಬಾರದು? ಅವರು "ಕಳಿಸಿಕೊಡಿ" ಅಂದರೆ ಟಿಕೆಟ್ ಮಾಡಿಸಿ ಹತ್ತಿಸಿಬಿಡಬಹುದಾ? ಈ ಕೆಲಸ ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಿ.

ಸೇತುವೆ_ಕೆಲಸ

ಮೇಡಂ, ಫೋಟೊ ಹಾಕಬೇಡಿ. ಒಮ್ಮೆ ಹೊರಗೆ ಹೋದ ಫೋಟೊವನ್ನು ವಾಪಸ್ ತರುವ ದಾರಿಯಿಲ್ಲ. ಯಾರಿಗೆ ಹೆದರಿ ಅವರು ಮನೆ ಬಿಟ್ಟರೋ ಆ ಮನುಷ್ಯನೇ ಅದನ್ನು ಮೊದಲು ನೋಡಬಹುದು. ಸಾಲ ಕೊಟ್ಟವರು ನೋಡಬಹುದು. "ನಾನೇ ಸಂಬಂಧಿ" ಎಂದು ಯಾರೋ ಬಂದು ನಿಂತರೆ ನಿಜವೋ ಸುಳ್ಳೋ ತಿಳಿಯಲು ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ, ಎಲ್ಲ ವಿವರವನ್ನೂ ನೀವೇ ಹಂಚಿರುತ್ತೀರಿ. ನಿಮ್ಮ ಪೋಸ್ಟ್‌ನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಅಣ್ಣನ ಹೆಸರಿಗೆ ಅವರು ಸುಮ್ಮನಾಗುತ್ತಾರೆ ಅನ್ನುವ ಸಾಲು. ಅದರ ಕಾರಣ ಗೊತ್ತಾಗುವವರೆಗೆ ಆ ಮನೆಯ ಯಾರಿಗೂ ಕರೆ ಹೋಗಬಾರದು.

ಮೊದಲ ಕೆಲಸ ಒಪ್ಪಿಗೆ. "ಮನೆಯವರನ್ನು ಹುಡುಕಲಾ?" "ಹೂಂ" ಎಂಬಷ್ಟಕ್ಕೆ ಅದು ಮುಗಿಯುವುದಿಲ್ಲ, ಬಿಡಿಬಿಡಿಯಾಗಿ ಕೇಳಬೇಕು. ಯಾರನ್ನು ಹುಡುಕಬೇಕು? ತಂಗಿ ಸಿಗದಿದ್ದರೆ ಬೇರೆ ಯಾರ ಹತ್ತಿರವಾದರೂ ವಿಚಾರಿಸಬಹುದಾ? ಯಾರಿಗೆ ಖಂಡಿತ ತಿಳಿಯಬಾರದು? ಬದುಕಿದ್ದೀನಿ ಎಂದಷ್ಟೇ ಹೇಳಬೇಕಾ, ಯಾವ ಊರಲ್ಲಿದ್ದೀನಿ ಅಂತಲೂ ಹೇಳಬಹುದಾ? ಆಶ್ರಯ ಕೇಂದ್ರದ ಹೆಸರು, ಕುಡಿತ, ಕಾಯಿಲೆ, ಇವುಗಳಲ್ಲಿ ಯಾವುದನ್ನು ಹೇಳಬಹುದು? ಅವರು ಕುಡಿಯದೆ ಇರುವ ಹೊತ್ತಿನಲ್ಲಿ, ಸಾಮಾನ್ಯವಾಗಿ ಬೆಳಗಿನ ಹೊತ್ತು, ಬೇರೆಯವರ ಕಿವಿಗೆ ಬೀಳದ ಜಾಗದಲ್ಲಿ ಕೂರಿಸಿ ಕೇಳಿ. ಎರಡು ಮೂರು ದಿನ ಬಿಟ್ಟು ಅದೇ ಪ್ರಶ್ನೆಗಳನ್ನು ಮತ್ತೊಮ್ಮೆ ಕೇಳಿ. ಉತ್ತರ ಬದಲಾದರೆ ಅವರಿನ್ನೂ ತಯಾರಾಗಿಲ್ಲ, ಕಾಯಬೇಕು. ಉತ್ತರಗಳನ್ನು ಅವರದೇ ಮಾತಿನಲ್ಲಿ ಬರೆದು ಓದಿ ಹೇಳಿ. ಯಾವಾಗ ಬೇಕಾದರೂ ಬೇಡ ಅನ್ನಬಹುದು, ಅಂದಮಾತ್ರಕ್ಕೆ ಹಾಸಿಗೆ, ಊಟ ಯಾವುದೂ ತಪ್ಪುವುದಿಲ್ಲ ಎಂಬುದನ್ನು ಬಿಡಿಸಿ ಹೇಳಿ. ಎಷ್ಟೋ ಜನ ಕೇಂದ್ರದವರಿಗೆ ಬೇಸರವಾದೀತು ಎಂದೇ ತಲೆಯಾಡಿಸುತ್ತಾರೆ.

ಹುಡುಕುವಾಗ "ವಿಳಾಸ ಹೇಳಿ" ಅಂದರೆ ಏನೂ ಸಿಗುವುದಿಲ್ಲ. ಬೀದಿಯಲ್ಲಿ ವರ್ಷಗಳು ಕಳೆದವರಿಗೆ ಮನೆ ನಂಬರು, ಪಿನ್‌ಕೋಡ್ ಮರೆತಿರುತ್ತದೆ, ದಾರಿ ಮರೆತಿರುವುದಿಲ್ಲ. ಮನೆಯಿಂದ ಶಾಲೆಗೆ ಹೇಗೆ ಹೋಗುತ್ತಿದ್ದಿರಿ, ಬಸ್ಸು ಎಲ್ಲಿ ನಿಲ್ಲುತ್ತಿತ್ತು, ಬಸ್ಸಿನ ಬೋರ್ಡಿನಲ್ಲಿ ಯಾವ ಊರಿನ ಹೆಸರಿತ್ತು, ಹತ್ತಿರ ಹೊಳೆಯೋ ಕೆರೆಯೋ ಇತ್ತಾ, ರೈಲಿನ ಸದ್ದು ಕೇಳುತ್ತಿತ್ತಾ, ವಾರದ ಸಂತೆ ಯಾವ ದಿನ, ಹುಷಾರಿಲ್ಲದಿದ್ದರೆ ಯಾವ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು, ಹೀಗೆ ಕೇಳಿ. ಒಂದು ಹಾಳೆ ಕೊಟ್ಟು ಮನೆ ಸುತ್ತಲಿನ ನಕ್ಷೆ ಬರೆಯಲು ಹೇಳಿ. ಆ ನಕ್ಷೆಯನ್ನು ಉಪಗ್ರಹ ಚಿತ್ರದ ಜೊತೆ ಹೋಲಿಸಿ ನೋಡಬಹುದು. ಅವರು ಮಾತಾಡುವ ರೀತಿಯೂ ಸುಳಿವೇ. ಅದೇ ಭಾಷೆಯ ಬೇರೆ ಬೇರೆ ಕಡೆಯವರಿಗೆ ಅವರ ಮಾತು ಕೇಳಿಸಿದರೆ ಯಾವ ಸೀಮೆಯವರು ಎಂದು ಗುರುತು ಹಿಡಿದುಬಿಡುತ್ತಾರೆ. ಇದಕ್ಕೂ ಮೊದಲು ಅವರನ್ನು ಕೇಳಿಯೇ ಮುಂದುವರಿಯಿರಿ.

ಹೆಸರನ್ನು ಮೂರು ಬಗೆಯಲ್ಲಿ ಬರೆದುಕೊಳ್ಳಿ: ದಾಖಲೆಯಲ್ಲಿರುವುದು, ಮನೆಯಲ್ಲಿ ಕರೆಯುವುದು, ಕೆಲಸದ ಜಾಗದಲ್ಲಿ ಕರೆಯುತ್ತಿದ್ದುದು. ತಂಗಿಗೆ ಮದುವೆಯಾಗಿ ಹೆಸರೋ ಊರೋ ಬದಲಾಗಿರಬಹುದು, ಹಾಗಾಗಿ ಅವರ ಗಂಡನ ಹೆಸರು, ಕಸುಬು ನೆನಪಿದ್ದರೆ ಅದೂ ಬೇಕು. ಹಳೆಯ ನಂಬರು ಸತ್ತಿದ್ದರೆ ಅಂಕೆಗಳನ್ನು ತಿರುಗಾಮುರುಗಾ ಮಾಡಿ ಸಿಕ್ಕಸಿಕ್ಕವರಿಗೆಲ್ಲ ಕರೆ ಮಾಡುತ್ತಾ ಕೂರಬೇಡಿ. ಸ್ಥಿರ ದೂರವಾಣಿಯ ನಂಬರಾದರೆ ಅದರ ಪ್ರದೇಶ ಸಂಕೇತವೇ ಊರು ಹೇಳುತ್ತದೆ. ಊರು ಗೊತ್ತಾದ ಮೇಲೆ ಶಾಲೆ, ಅಂಚೆ ಕಚೇರಿ, ಸ್ಥಳೀಯ ಆಡಳಿತದ ಕಚೇರಿ, ಪ್ರಾರ್ಥನಾ ಸ್ಥಳ, ಇವುಗಳಲ್ಲಿ ಒಂದಕ್ಕೆ ಫೋನ್ ಮಾಡಿ "ಇಂಥವರ ಮನೆಗೆ ಒಂದು ಸಂದೇಶ ಮುಟ್ಟಿಸಬೇಕಿತ್ತು, ಈ ನಂಬರಿಗೆ ಕರೆ ಮಾಡಲು ಹೇಳುತ್ತೀರಾ" ಎಂದಷ್ಟೇ ಕೇಳಿ. ಕಾರಣ ಕೇಳಿದರೆ ವೈಯಕ್ತಿಕ ವಿಷಯ ಅನ್ನಿ. ಅಲ್ಲಿಯವರಿಗೆ ಗೊತ್ತಾದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು, ಅಣ್ಣನಿಗೂ ಗೊತ್ತು.

ಪೊಲೀಸರ ಕಾಣೆಯಾದವರ ದಾಖಲೆಯಲ್ಲಿ ಅವರ ಹೆಸರು ಇದ್ದರೂ ಇರಬಹುದು. ಅಲ್ಲಿ ವಿಚಾರಿಸುವ ಮುನ್ನ ಅವರನ್ನು ಕೇಳಿ. ಯುದ್ಧ, ವಿಕೋಪ, ವಲಸೆಯಿಂದ ಚದುರಿದ ಕುಟುಂಬಗಳಿಗಾಗಿ ರೆಡ್ ಕ್ರಾಸ್‌ನದೇ ಪತ್ತೆ ಸೇವೆಯಿದೆ, ಅದರ ಬೇರು 1870ರ ಫ್ರಾನ್ಸ್–ಪ್ರಷ್ಯಾ ಯುದ್ಧದಷ್ಟು ಹಳೆಯದು. ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾ ಸಂಸ್ಥೆ 1885ರಿಂದ ಕುಟುಂಬದವರನ್ನು ಹುಡುಕಿಕೊಡುತ್ತಾ ಬಂದಿದೆ. ಅವರ ಒಂದು ನಿಯಮವನ್ನು ನಾವೂ ಪಾಲಿಸಬೇಕು: ಸಿಕ್ಕವರು ಒಪ್ಪದೆ ಅವರ ವಿಳಾಸವನ್ನು ಹುಡುಕಿಸಿದವರಿಗೂ ಕೊಡುವುದಿಲ್ಲ. ಒಪ್ಪಿಗೆ ಎರಡೂ ಕಡೆಯಿಂದ ಬೇಕು. ತಂಗಿಗೂ ಬೇಡ ಅನ್ನುವ ಹಕ್ಕಿದೆ.

ಮೊದಲ ಕರೆಯನ್ನು ನೀವು ಮಾಡಿ, ಅವರ ಕೈಗೆ ಫೋನ್ ಕೊಟ್ಟು ಮಾಡಿಸಬೇಡಿ. ಅವರು ಪಕ್ಕದಲ್ಲೂ ಇರುವುದು ಬೇಡ. ಆ ಕಡೆಯಿಂದ ಮೊದಲ ಉಸಿರಿಗೆ ಬರುವ ಮಾತು ಸಿಟ್ಟಿನದಾಗಿರಬಹುದು, ಅದು ಅವರ ಕಿವಿಗೆ ಬೀಳಬಾರದು. ಹೀಗೆ ಶುರು ಮಾಡಬಹುದು: "ನಮಸ್ಕಾರ, ಇಂಥವರ ಹತ್ತಿರ ಮಾತಾಡಬೇಕಿತ್ತು. ಈಗ ಐದು ನಿಮಿಷ ಮಾತಾಡಬಹುದಾ? ಅಕ್ಕಪಕ್ಕ ಯಾರಾದರೂ ಇದ್ದಾರಾ?" ಬೇರೆ ಯಾರಾದರೂ ಎತ್ತಿದರೆ "ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡಿ. ತಂಗಿಯೇ ಎಂದು ಖಚಿತವಾಗಬೇಕಾದರೆ ಎರಡು ಮೂರು ಪ್ರಶ್ನೆ ಮೊದಲೇ ಅವರಿಂದ ಕೇಳಿಟ್ಟುಕೊಂಡಿರಿ, ಹೊರಗಿನವರಿಗೆ ಗೊತ್ತಿರಲಾರದಂಥವು. ಚಿಕ್ಕಂದಿನಲ್ಲಿ ಇವರಿಗೆ ಯಾವ ಕೈ ಮುರಿದಿತ್ತು, ಸಾಕಿದ ಹಸುವಿನ ಹೆಸರೇನು, ಹೀಗೆ. ಉತ್ತರ ಆ ಕಡೆಯಿಂದ ಬರಬೇಕು. "ಎಡಗೈ ಅಲ್ವಾ?" ಎಂದು ನೀವೇ ಸುಳಿವು ಕೊಡಬೇಡಿ.

ಖಚಿತವಾದ ಮೇಲೆ: "ನಿಮ್ಮ ಅಣ್ಣ (ಇಲ್ಲಿ ಇವರ ಹೆಸರು ಹೇಳಿ) ಬದುಕಿದ್ದಾರೆ, ಸುರಕ್ಷಿತವಾಗಿದ್ದಾರೆ. ನಿಮ್ಮ ಹತ್ತಿರ ಮಾತಾಡುವ ಆಸೆಯಿದೆ. ಈಗಲೇ ಏನೂ ಹೇಳಬೇಕಾಗಿಲ್ಲ, ಯೋಚಿಸಿ." ಇಷ್ಟೇ. ಊರು, ಆರೋಗ್ಯ, ಮನೆಗೆ ಬರುವ ವಿಷಯ ಯಾವುದೂ ಬೇಡ. ಅಳು ಬರುತ್ತದೆ, ಸಿಟ್ಟು ಬರುತ್ತದೆ, ಕೆಲವರು ಏನೂ ಹೇಳದೆ ಫೋನ್ ಇಟ್ಟುಬಿಡುತ್ತಾರೆ. ಇಟ್ಟರು ಅಂದಮಾತ್ರಕ್ಕೆ ಬೇಡ ಎಂದರ್ಥವಲ್ಲ. ನಾಲ್ಕೈದು ದಿನ ಬಿಟ್ಟು ಇನ್ನೊಮ್ಮೆ ಮಾಡಿ.

ಇಬ್ಬರೂ ಮಾತಾಡಲು ಒಪ್ಪಿದರೆ ಮೊದಲ ಮಾತುಕತೆ 10–15 ನಿಮಿಷ ಸಾಕು. ಉದ್ದ ಎಳೆದಷ್ಟೂ ಹಳೆಯ ಲೆಕ್ಕಗಳು ಹೊರಬರುತ್ತವೆ. ಫೋನ್ ಚಾರ್ಜ್ ನೋಡಿಕೊಳ್ಳಿ, ಮಧ್ಯೆ ಕಟ್ಟಾದರೆ ತಂಗಿಯೇ ಇಟ್ಟಳು ಎಂದುಕೊಂಡುಬಿಡುತ್ತಾರೆ. ನಿಮ್ಮ ಪಾಳಿ ಮುಗಿಯುವ ಹೊತ್ತಿಗೆ ಮಾಡಿಸಬೇಡಿ, ಕರೆ ಮುಗಿದ ಮೇಲೆ ಒಂದು ಗಂಟೆಯಾದರೂ ಅವರ ಜೊತೆ ಯಾರಾದರೂ ಕೂತಿರಬೇಕು. ಕುಡಿತದ ಕಡೆಗೆ ಕಾಲು ಎಳೆಯುವುದು ಆ ಒಂದು ಗಂಟೆಯಲ್ಲೇ. ನೇರವಾಗಿ ಮಾತಾಡಲು ಅಳುಕಿದ್ದರೆ ಒಂದು ನಿಮಿಷದ ವಿಡಿಯೊ ಸಂದೇಶ ಒಳ್ಳೆಯ ದಾರಿ. 2014ರಲ್ಲಿ ಅಮೆರಿಕದಲ್ಲಿ ಶುರುವಾದ ಮಿರಾಕಲ್ ಮೆಸೇಜಸ್ ಸಂಸ್ಥೆ ಇಂಥ ಸಣ್ಣ ಸಂದೇಶಗಳನ್ನೇ ನಂಬಿ ಕೆಲಸ ಕಟ್ಟಿದೆ. ಅದನ್ನು ತಂಗಿಗೆ ಮಾತ್ರ ಮುಟ್ಟಿಸಿ.

ವಾರ್ಡ್_ದೀಪ

ಮೇಲಿನವರ ಮಾತೆಲ್ಲ ಸರಿ. ನಾನು ಆರೋಗ್ಯದ ಕಡೆಯಿಂದ ಹೇಳುತ್ತೇನೆ, ಏಕೆಂದರೆ ದಿನಾ ಕುಡಿತ ಮತ್ತು ಫಿಟ್ಸ್ ಎರಡೂ ಸೇರಿದರೆ ಪ್ರಯಾಣದಲ್ಲೇ ಜೀವಕ್ಕೆ ಅಪಾಯವಿದೆ.

ದಿನಾ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೊನೆಯ ಕುಡಿತದ 6–24 ಗಂಟೆಯೊಳಗೆ ನಡುಕ, ಬೆವರು, ವಾಂತಿ ಶುರುವಾಗುತ್ತದೆ. ಫಿಟ್ಸ್ ಬರುವ ಸಂಭವ ಮೊದಲ 48 ಗಂಟೆಯಲ್ಲಿ ಹೆಚ್ಚು. ಪ್ರಜ್ಞೆ ಅಡಿಮೇಲಾಗಿ ಇಲ್ಲದ್ದು ಕಾಣುವ ಸನ್ನಿಯಂಥ ಸ್ಥಿತಿ ಸಾಮಾನ್ಯವಾಗಿ 48–96 ಗಂಟೆಯ ನಡುವೆ. ಅದು ಪ್ರಾಣಕ್ಕೇ ಎರವಾಗಬಲ್ಲದು. "ತಂಗಿ ಮನೆಗೆ ಹೋಗ್ತಿದೀರಿ, ಇವತ್ತಿಂದ ಮುಟ್ಟಬೇಡಿ" ಎಂದು ಯಾರಾದರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿ ಬಸ್ ಹತ್ತಿಸಿದರೆ ಈ ಗಂಟೆಗಳೆಲ್ಲ ದಾರಿಯಲ್ಲಿ, ಇಲ್ಲವೇ ತಂಗಿಯ ಮನೆಯ ಮೊದಲೆರಡು ದಿನಗಳಲ್ಲಿ ಬಂದು ಕೂರುತ್ತವೆ. ಮನೆಯವರಿಗೆ ಅದೇನೆಂದು ತಿಳಿಯುವುದಿಲ್ಲ, ಹುಚ್ಚು ಹಿಡಿದಿದೆ ಎಂದುಕೊಳ್ಳುತ್ತಾರೆ. ಬಿಡುವ ಮನಸ್ಸಿದ್ದರೆ ವೈದ್ಯರ ಕಣ್ಣಳತೆಯಲ್ಲಿ, ಹೋಗುವುದಕ್ಕೆ ಸಾಕಷ್ಟು ಮೊದಲೇ ಬಿಡಿಸಬೇಕು. ಫಿಟ್ಸ್ ಇರುವವರಿಗೆ ಇದು ಆಸ್ಪತ್ರೆಯಲ್ಲೇ ಆಗಬೇಕು.

ಫಿಟ್ಸ್ ಮಾತ್ರೆ ಒಂದು ದಿನವೂ ತಪ್ಪಬಾರದು. ನಿದ್ದೆಗೆಟ್ಟರೂ ಫಿಟ್ಸ್ ಬರುತ್ತದೆ, ಆದ್ದರಿಂದ ರಾತ್ರಿ ಪ್ರಯಾಣ ಬೇಡವೇ ಬೇಡ. ಕೈಯಲ್ಲಿ 30 ದಿನದ ಮಾತ್ರೆ, ವೈದ್ಯರ ಚೀಟಿಯ ಎರಡು ಪ್ರತಿ, ಡಿಸ್ಚಾರ್ಜ್ ಸಮ್ಮರಿ ಇದ್ದರೆ ಅದು, ಹೋಗುವ ಊರಿನಲ್ಲಿ ಮುಂದಿನ ಮಾತ್ರೆ ಎಲ್ಲಿ ಸಿಗುತ್ತದೆ ಎಂಬ ವಿಚಾರಣೆ, ಇಷ್ಟು ಇಲ್ಲದೆ ಕಳಿಸಬೇಡಿ. ಮಾತ್ರೆಗಳನ್ನು ದೊಡ್ಡ ಚೀಲಕ್ಕೆ ಹಾಕದೆ ಮೈಮೇಲಿನ ಜೇಬಿನಲ್ಲೋ ಚಿಕ್ಕ ಕೈಚೀಲದಲ್ಲೋ ಇಡಿ. ನಿಲ್ದಾಣಗಳಲ್ಲಿ ಕಳುವಾಗುವುದು ದೊಡ್ಡ ಚೀಲವೇ.

ಇನ್ನೊಂದು ವಿಷಯ ಹುಡುಕಾಟಕ್ಕೆ ಸಂಬಂಧಿಸಿದ್ದು. ಬಹುಕಾಲ ಕುಡಿದು ಸರಿಯಾಗಿ ಉಣ್ಣದವರಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ ಕಡಿಮೆಯಾಗಿ ನೆನಪಿನ ಶಕ್ತಿಗೇ ಪೆಟ್ಟು ಬೀಳಬಹುದು. ಅಂಥವರು ನೆನಪಿಲ್ಲದ ಜಾಗವನ್ನು ಮನಸ್ಸು ತಾನಾಗಿ ಕಟ್ಟಿದ ವಿವರದಿಂದ ತುಂಬುತ್ತಾರೆ. ಸುಳ್ಳು ಹೇಳುವ ಉದ್ದೇಶ ಇರುವುದಿಲ್ಲ. ಒಂದೊಂದು ಸಲ ಒಂದೊಂದು ಊರು ಹೇಳಿದರೆ "ಆಟ ಆಡ್ತಿದಾರೆ" ಎಂದು ಬಿಟ್ಟುಬಿಡಬೇಡಿ, ವೈದ್ಯರಿಗೆ ತೋರಿಸಿ. ನಡಿಗೆ ತೂರಾಡುವುದು, ಕಣ್ಣು ಗುಡ್ಡೆ ಅದುರುವುದು, ಗೊಂದಲ ಇವು ಕುಡಿಯದ ಹೊತ್ತಿನಲ್ಲೂ ಕಂಡರೆ ಅದು ತುರ್ತು, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಮಾನಸಿಕ ಕಾಯಿಲೆಯಿಂದ ಮನೆ ತಪ್ಪಿ ಅಲೆಯುವವರ ವಿಷಯದಲ್ಲಿ ಚಿಕಿತ್ಸೆ ಮೊದಲು, ಮನೆ ಆಮೇಲೆ. 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಮನೋವೈದ್ಯ ಡಾ. ಭರತ್ ವಾಟ್ವಾನಿ ಅವರ ಶ್ರದ್ಧಾ ಪುನರ್ವಸತಿ ಪ್ರತಿಷ್ಠಾನ ಕೆಲಸ ಮಾಡುವುದು ಹೀಗೆ. ಔಷಧಿಯಿಂದ ಮನಸ್ಸು ತಿಳಿಯಾದಂತೆ ಎಷ್ಟೋ ಜನ ಊರು, ಹೆಸರು ತಾವೇ ಹೇಳತೊಡಗುತ್ತಾರೆ. ಚಿಕಿತ್ಸೆಯಿಲ್ಲದೆ ಕಳಿಸಿದರೆ ಮನೆ ತಪ್ಪಿಸಿದ ಕಾಯಿಲೆ ಹಾಗೇ ಉಳಿದಿರುತ್ತದೆ.

ಎರಡು_ಕಡೆ

ಟಿಕೆಟ್ ಬಗ್ಗೆ ಕೇಳಿದ್ದೀರಿ. "ಕಳಿಸಿಕೊಡಿ" ಎಂಬ ಮಾತು ಫೋನಿನಲ್ಲಿ, ಕಣ್ಣೀರಿನ ನಡುವೆ ಬರುವಂಥದ್ದು. ಅದರ ಮೇಲೆ ಟಿಕೆಟ್ ಮಾಡಿಸುವುದು ಅವಸರ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2005ರಿಂದ ನಡೆದ, ವಸತಿಹೀನರನ್ನು ಮನೆಯವರ ಹತ್ತಿರ ಕಳಿಸುವ ಹೋಮ್‌ವರ್ಡ್ ಬೌಂಡ್ ಯೋಜನೆಯಲ್ಲಿ ಟಿಕೆಟ್ ಕೊಡುವ ಮೊದಲು ಬರಮಾಡಿಕೊಳ್ಳುವವರಿಗೆ ಸಿಬ್ಬಂದಿ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕಿತ್ತು. ಅಮೆರಿಕದ ನಗರಗಳ ಇಂಥ ಯೋಜನೆಗಳ ಮೇಲಿನ ದೊಡ್ಡ ಟೀಕೆ ಬಸ್ಸು ಹೊರಟ ಮೇಲೆ ಏನಾಯಿತೆಂದು ಸರಿಯಾಗಿ ವಿಚಾರಿಸುವುದಿಲ್ಲ ಎಂಬುದು. ನಗರಕ್ಕೆ ಒಬ್ಬರು ಕಡಿಮೆಯಾಗಿದ್ದನ್ನು ಯಶಸ್ಸು ಎಂದು ಲೆಕ್ಕ ಹಾಕುವುದು ತಪ್ಪು.

ಮನೆ ಆಸರೆಯಾಗುವಂಥದ್ದೋ ಅಲ್ಲವೋ ತಿಳಿಯಲು ತಂಗಿಗೆ ಎರಡು ಮೂರು ಬೇರೆ ಬೇರೆ ದಿನ ಫೋನ್ ಮಾಡಿ. "ನೋಡ್ಕೊಳ್ತೀರಾ?" ಎಂದು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಬಿಡಿಸಿ ಕೇಳಿ. ಎಲ್ಲಿ ಮಲಗುತ್ತಾರೆ? ಎಷ್ಟು ದಿನಕ್ಕೆ ಅಂದುಕೊಂಡಿದ್ದೀರಿ? ಮನೆ ಯಾರ ಹೆಸರಲ್ಲಿದೆ, ಬಾಡಿಗೆಯಾದರೆ ಮಾಲೀಕರು ಒಪ್ಪುತ್ತಾರಾ? ಮನೆಯಲ್ಲಿ ಇನ್ನು ಯಾರ್ಯಾರಿದ್ದಾರೆ? ಕುಡಿದು ಬಂದ ರಾತ್ರಿ ಏನು ಮಾಡುತ್ತೀರಿ? ಫಿಟ್ಸ್ ಬಂದರೆ? (ಕಾಯಿಲೆಯ ಮಾತು ಅವರು ಒಪ್ಪಿದ್ದರೆ ಮಾತ್ರ. ಆದರೆ ಮನೆಗೆ ಹೋಗುವುದೇ ನಿಜವಾದರೆ ಇದನ್ನು ಮುಚ್ಚಿಡುವುದು ತಂಗಿಗೆ ಮಾಡುವ ಅನ್ಯಾಯ ಎಂದು ಅವರಿಗೆ ವಿವರಿಸಿ, ಸಾಧ್ಯವಾದರೆ ಅವರ ಬಾಯಿಂದಲೇ ಹೇಳಿಸಿ.) ಮನೆಯ ಪ್ರತಿಯೊಬ್ಬ ವಯಸ್ಕರ ಜೊತೆಗೂ ನೀವೇ ಮಾತಾಡಿ. ತಂಗಿ ಅಳುತ್ತಾ ಕರೆಯುತ್ತಿದ್ದು, ಅವರ ಗಂಡ ಫೋನ್ ಮುಟ್ಟದಿದ್ದರೆ ಮುಂದೆ ಜಗಳ ಹುಟ್ಟುವುದು ಅಲ್ಲೇ.

ಮನೆ ಬಿಟ್ಟ ಕಾರಣವನ್ನು ಇಬ್ಬರಿಂದಲೂ ಬೇರೆಬೇರೆಯಾಗಿ ಕೇಳಿ. ಇಬ್ಬರ ಮಾತು ಹೊಂದಬೇಕೆಂದೇನಿಲ್ಲ, ಒಂದೇ ಜಗಳವನ್ನು ಇಬ್ಬರು ಒಂದೇ ರೀತಿ ಹೇಳುವುದು ಅಪರೂಪ. "ಏನೂ ಆಗಿರಲಿಲ್ಲ, ಸುಮ್ಮನೆ ಹೋದ" ಎಂಬ ಉತ್ತರಕ್ಕೆ ಮಾತ್ರ ಕಿವಿ ನಿಮಿರಬೇಕು. ಹೇಗಿದ್ದಾನೆ ಎಂದು ಕೇಳುವ ಮೊದಲೇ ಗುರುತಿನ ಚೀಟಿ, ಪಿಂಚಣಿ, ಜಮೀನಿನ ಸಹಿ ಕೇಳಿದರೆ ಅಲ್ಲಿಗೆ ನಿಲ್ಲಿಸಿ. ಹಲವು ದೇಶಗಳ ಕಾನೂನಿನಲ್ಲಿ 7 ವರ್ಷ ಸುದ್ದಿಯೇ ಇಲ್ಲದವರನ್ನು ತೀರಿಹೋದರೆಂದು ಭಾವಿಸಲು ಅವಕಾಶವಿದೆ. ಅಷ್ಟರಲ್ಲಿ ಆಸ್ತಿ ಭಾಗವಾಗಿರಬಹುದು, ಸಂಗಾತಿ ಮರುಮದುವೆಯಾಗಿರಬಹುದು. ಅಣ್ಣನ ವಿಷಯದಲ್ಲಿ ಇದೂ ಒಂದು ಸಾಧ್ಯತೆ. ಆಸ್ತಿಯ ಮಾತು ಬಂದರೆ ಉಚಿತ ಕಾನೂನು ನೆರವಿನವರ ಕಡೆ ಕಳಿಸಿ, ನೀವು ಮಧ್ಯಸ್ಥಿಕೆಗೆ ಇಳಿಯಬೇಡಿ.

ನನ್ನ ಸಲಹೆ ಎಂದರೆ ಮೊದಲು ಎರಡು ಮೂರು ದಿನದ ಭೇಟಿ, ಹೋಗಿ ಬರುವ ಟಿಕೆಟ್ ಕೈಯಲ್ಲಿಟ್ಟುಕೊಂಡೇ. ಆಮೇಲೆ ಇಬ್ಬರೂ ಯೋಚಿಸಿ ನಿರ್ಧಾರ. ಹಿಂತಿರುಗುವ ದಾರಿ ತೆರೆದಿದ್ದರೆ ಜಗಳವಾದರೂ ಅವರು ಗೊತ್ತಿಲ್ಲದ ಊರಿನ ಬೀದಿಗೆ ಬೀಳುವುದಿಲ್ಲ. ಕೇಂದ್ರದಲ್ಲಿ ಅವರ ಜಾಗವನ್ನು ಕನಿಷ್ಠ ಎರಡು ವಾರ ಹಿಡಿದಿಡಲು ಈಗಲೇ ಕೇಳಿಕೊಳ್ಳಿ. ಎಷ್ಟೋ ಕಡೆ ಹೊರಟ ದಿನವೇ ಹೆಸರು ಹೊಡೆದುಹಾಕುತ್ತಾರೆ.

ಹೊರಡುವಾಗ: ಹಗಲಿಗೆ ತಲುಪುವ ಗಾಡಿ, ಸಾಧ್ಯವಾದಷ್ಟು ನೇರ. ಬದಲಿಸುವ ನಿಲ್ದಾಣದಲ್ಲೇ ಹೆಚ್ಚು ಜನ ತಪ್ಪಿಹೋಗುವುದು. ಫಿಟ್ಸ್ ಇರುವುದರಿಂದ ಇವರ ಜೊತೆ ಒಬ್ಬರು ಹೋಗಲೇಬೇಕು. ತಂಗಿಯ ನಂಬರು, ಕೇಂದ್ರದ ನಂಬರು ಕಾಗದದಲ್ಲಿ ಬರೆದು ಒಳಜೇಬಿಗೆ. ಗುರುತಿನ ಚೀಟಿಯ ಮೂಲ ಅವರ ಹತ್ತಿರವೇ ಇರಬೇಕು, ಒಂದು ಪ್ರತಿ ಕೇಂದ್ರದಲ್ಲಿ. ಕರೆದೊಯ್ಯಲು ಯಾರೂ ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕು, ಆಮೇಲೆ ಎಲ್ಲಿಗೆ ಎನ್ನುವುದು ಹೊರಡುವ ಮೊದಲೇ ತೀರ್ಮಾನವಾಗಿರಲಿ.

ತಲುಪಿದ ಮೇಲಿನ ಕರೆಗಳು: ಅದೇ ದಿನ, ಮೂರನೆಯ ದಿನ, ವಾರಕ್ಕೆ, ಎರಡು ವಾರಕ್ಕೆ, ತಿಂಗಳಿಗೆ, ಮೂರು ತಿಂಗಳಿಗೆ, ಆರು ತಿಂಗಳಿಗೆ. ಪ್ರತಿ ಸಲ ಅವರ ಹತ್ತಿರ ಬೇರೆ, ತಂಗಿಯ ಹತ್ತಿರ ಬೇರೆ ಮಾತಾಡಿ. ಮೊದಲ ವಾರ ಮನೆಗೆ ನೆಂಟರು ಬಂದ ಹಾಗೆ ಇರುತ್ತದೆ. ಹಣ, ಬೀಗದ ಕೈ, ಸ್ನಾನದ ಹೊತ್ತು, ರಾತ್ರಿ ಬರುವ ಸಮಯ, ಈ ಸಣ್ಣ ವಿಷಯಗಳು ತಲೆ ಎತ್ತುವುದು ಮೂರನೆಯ ವಾರದಿಂದ. ವರ್ಷಗಟ್ಟಲೆ ತನ್ನ ದಿನವನ್ನು ತಾನೇ ನಡೆಸಿದವರಿಗೆ "ಎಲ್ಲಿಗೆ ಹೊರಟೆ?" ಎಂಬ ಪ್ರಶ್ನೆಯೇ ಚುಚ್ಚುತ್ತದೆ. ಇದನ್ನು ಎರಡೂ ಕಡೆಗೆ ಮೊದಲೇ ಹೇಳಿಟ್ಟರೆ ಅರ್ಧ ಜಗಳ ತಪ್ಪುತ್ತದೆ.

ರಾತ್ರಿಪಾಳಿ

ಎಲ್ಲರಿಗೂ ತುಂಬಾ ಧನ್ಯವಾದ. ಫೋಟೊ ವಿಚಾರ ಕೈಬಿಟ್ಟೆವು. ಇನ್ನೆರಡು ಕೇಳಬೇಕಿತ್ತು. ತಂಗಿ ಬೇಡ ಅಂದರೆ, ಇಲ್ಲಾ ಅವರು ತೀರಿಕೊಂಡಿದ್ದರೆ, ಇವರಿಗೆ ಹೇಗೆ ಹೇಳೋದು? ಇನ್ನೊಂದು, ನಮ್ಮಲ್ಲಿಗೆ ಒಮ್ಮೊಮ್ಮೆ 16–17ರ ಹುಡುಗರೂ ಬರುತ್ತಾರೆ, ಅವರಿಗೂ ಇದೇ ಕ್ರಮವಾ?

ಎರಡು_ಕಡೆ

ಎರಡನೆಯದಕ್ಕೆ ಮೊದಲು ಉತ್ತರ: ಅಲ್ಲ. 18 ತುಂಬದವರ ಮನೆಗೆ ನೀವಾಗಿ ಫೋನ್ ಮಾಡಲೂಬಾರದು, ಕಳಿಸಲೂಬಾರದು. ಮಕ್ಕಳ ರಕ್ಷಣೆಗೆ ಕಾನೂನು ನೇಮಿಸಿದವರಿಗೆ ಅದೇ ದಿನ ತಿಳಿಸಿ. ಮಗು ಮನೆಯಿಂದಲೇ ತಪ್ಪಿಸಿಕೊಂಡು ಬಂದಿರಬಹುದು, ಮಾರಾಟ ಮಾಡಿದವರೇ ಹೆತ್ತವರಂತೆ ಮಾತಾಡಬಹುದು. ಮನೆಯ ತನಿಖೆ ಕಾನೂನು ನೇಮಿಸಿದವರ ಜವಾಬ್ದಾರಿ.

ಸೇತುವೆ_ಕೆಲಸ

ಬೇಡ ಅಂದರೆ: ಹುಡುಕಲು ಶುರು ಮಾಡುವ ದಿನವೇ "ಸಿಗದೇ ಇರಬಹುದು, ಸಿಕ್ಕರೂ ಮಾತಾಡದೇ ಇರಬಹುದು, ಆಗ ಏನು ಮಾಡೋಣ?" ಎಂದು ಅವರನ್ನೇ ಕೇಳಿಟ್ಟುಕೊಳ್ಳಿ. ಉತ್ತರ ಬಂದ ದಿನ ಮುಚ್ಚಿಡಬೇಡಿ, ಸಿಹಿ ಲೇಪಿಸಲೂಬೇಡಿ. "ಈಗ ಮಾತಾಡಲು ಆಗುವುದಿಲ್ಲ ಅಂದರು" ಎಂದು ತಂಗಿ ಹೇಳಿದಷ್ಟನ್ನೇ ಹೇಳಿ. ಬೈಗುಳಗಳನ್ನು ದಾಟಿಸುವ ಅಗತ್ಯವಿಲ್ಲ. ತಂಗಿ ಹೇಳದ "ಮುಂದೆ ನೋಡೋಣ" ಎಂಬುದನ್ನೂ ಸೇರಿಸಬೇಡಿ, ಅದನ್ನೇ ನಂಬಿ ದಿನ ಎಣಿಸುತ್ತಾರೆ. ತಿಂಗಳಿಗೊಮ್ಮೆ ಫೋನ್ ಸಾಕು, ಮನೆಗೆ ಬೇಡ ಎಂದು ತಂಗಿ ಹೇಳಿದರೆ ಅದು ಸೋಲಲ್ಲ. ಇವರು ಕೇಳಿದ್ದೂ ಅಷ್ಟನ್ನೇ ಅಲ್ಲವೇ, "ಒಂದ್ಸಲ ಮಾತಾಡ್ಸಿ" ಎಂದು? ಮನೆಗೆ ಕಳಿಸುವ ಮಾತು ನಾವು ಸೇರಿಸಿದ್ದು. ಅವರಾಗಿ ಎತ್ತದಿದ್ದರೆ ನಾವೂ ಎತ್ತಬಾರದು.

ಸಾವಿನ ಸುದ್ದಿಯಾದರೆ ಮೊದಲು ಇನ್ನೊಂದು ಮೂಲದಿಂದ ಖಚಿತಪಡಿಸಿಕೊಳ್ಳಿ, ಒಂದೇ ಹೆಸರಿನವರು ಇರುತ್ತಾರೆ. ಬೆಳಗಿನ ಹೊತ್ತು, ಅವರಿಗೆ ಹೆಚ್ಚು ಬಳಕೆಯಿರುವ ಸಿಬ್ಬಂದಿಯನ್ನು ಜೊತೆಗಿಟ್ಟುಕೊಂಡು, ಎದುರು ಕೂತು "ತೀರಿಕೊಂಡಿದ್ದಾರೆ" ಎಂದೇ ಹೇಳಿ. ಸುತ್ತಿಬಳಸಿ ಹೇಳಿದರೆ ಎಲ್ಲೋ ಇದ್ದಾರೆ ಎಂಬ ಆಸೆ ಉಳಿಯುತ್ತದೆ. ಯಾವಾಗ, ಹೇಗೆ, ಎಲ್ಲಿ ಮಣ್ಣು ಮಾಡಿದರು ಎಂದು ಕೇಳುತ್ತಾರೆ, ಅಷ್ಟನ್ನು ತಿಳಿದುಕೊಂಡೇ ಹೋಗಿ. ಅಂದು ರಾತ್ರಿ ಅವರನ್ನು ಒಂಟಿಯಾಗಿ ಬಿಡಬೇಡಿ, ಮಾತ್ರೆ ನುಂಗಿದರಾ ಎಂದು ಕಣ್ಣಾರೆ ನೋಡಿ.

ಇನ್ನೊಂದು ಮಾತು ಬಿಟ್ಟಿದ್ದೆ. ತಂಗಿಗೆ ಕೊಡುವ ನಂಬರು ನಿಮ್ಮ ಸ್ವಂತದ್ದಾಗಿರಬಾರದು, ಕೇಂದ್ರದ ನಂಬರೇ ಆಗಿರಬೇಕು. ಮೊದಲು ಬೇಡ ಎಂದವರು ಒಂದೆರಡು ವರ್ಷ ಬಿಟ್ಟು ಕರೆ ಮಾಡುವುದುಂಟು. ಆ ಹೊತ್ತಿಗೆ ನೀವು ಅಲ್ಲಿ ಇರುತ್ತೀರೋ ಇಲ್ಲವೋ. ಫೋನ್ ಎತ್ತಿದ ಯಾರಿಗಾದರೂ ತಿಳಿಯುವಂತೆ ಕೇಂದ್ರದ ರಿಜಿಸ್ಟರಿನಲ್ಲಿ ಒಂದು ಸಾಲು ಬರೆದಿಡಿ: ಇಂಥವರ ತಂಗಿ ಕರೆ ಮಾಡಿದರೆ ನಂಬರು ಬರೆದುಕೊಂಡು ಅವರಿಗೆ ತಿಳಿಸುವುದು, ಅವರು ಎಲ್ಲಿದ್ದಾರೆಂದು ಹೇಳಕೂಡದು.